ಊರಿನ ಕಾರ್ಯಕ್ರಮಕ್ಕೆ ಊಟ ಇಡುವ ಬಗೆ

ಮಂಡ್ಯ, ಮೈಸೂರು ಕಡೆಯ ಯಾವ ಕರಪತ್ರವನ್ನು ತೆಗೆದು ನೋಡಿದರೂ ಕೊನೆಯ ಸಾಲಿನಲ್ಲಿ "ಊಟದ ವ್ಯವಸ್ಥೆ ಇದೆ" ಎಂದೋ "ಲಘು ಉಪಾಹಾರದ ವ್ಯವಸ್ಥೆ ಇರುತ್ತದೆ" ಎಂದೋ ಅಚ್ಚಾಗಿರುತ್ತದೆ. ಇದರಲ್ಲಿ ಕರೆಯುವವರಾಗಲಿ ಬರುವವರಾಗಲಿ ಸಂಕೋಚಪಡಬೇಕಾದದ್ದು ಏನೂ ಇಲ್ಲ. ಮನೆಗೆ ಬಂದವರ ಕೈಗೆ ಮೊದಲು ನೀರು, ಬೆಲ್ಲ ಕೊಟ್ಟು ಆಮೇಲೆ ಮಾತಿಗೆ ಕೂರುವ ರೂಢಿ ನಮ್ಮದು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ, ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ದಾಸೋಹವೆಂಬುದು ಮಠದ ದಿನಚರಿಯೇ ಆಗಿದೆ. ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಬರುವ ಭಕ್ತರಿಗೆ ದಾನಿಗಳು ಪ್ರಸಾದ ಹಂಚುತ್ತಾರೆ. ರಾಮನವಮಿಯ ದಿನ ಮೈಸೂರಿನ ಬೀದಿಬೀದಿಗಳಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆ ಕೊಡುವಾಗ ಯಾರೂ ಯಾರನ್ನೂ ನೀವು ಯಾರು ಎಂದು ಕೇಳುವುದಿಲ್ಲ. ಜನ ಸೇರಿಸಲು ಅನ್ನ ಇಡುವುದು ನಮಗೆ ಹೊಸದಲ್ಲ. ಸೇರಿದ ಜನ ಕುಳಿತು ಕೇಳುವಂತೆ, ಮತ್ತೊಮ್ಮೆ ಬರುವಂತೆ ಅದನ್ನು ಇಡುವುದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಹಲವು ವರ್ಷಗಳಿಂದ ಹಳ್ಳಿಯ ಓದಿನ ಕೂಟ, ಕೆರೆ ಸ್ವಚ್ಛತೆ, ಆರೋಗ್ಯ ತಪಾಸಣೆ ಶಿಬಿರಗಳಲ್ಲಿ ಅಡುಗೆಯ ಹೊಣೆ ನನ್ನ ಪಾಲಿಗೆ ಬಂದಿದೆ. ಮೊದಲ ಬಾರಿ ನಾವು ಮಾಡಿದ ತಪ್ಪನ್ನು ಈಗಲೂ ಅನೇಕರು ಮಾಡುತ್ತಿರುವುದರಿಂದ ಅದನ್ನು ಮೊದಲು ಹೇಳುತ್ತೇನೆ. ಹತ್ತೂವರೆಗೆ ಆರಂಭವಾಗಬೇಕಿದ್ದ ಸಭೆ ಹನ್ನೆರಡಕ್ಕೆ ಆರಂಭವಾಯಿತು. ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ ನುಡಿ ಮುಗಿದು ಮುಖ್ಯ ಮಾತು ಆರಂಭವಾಗುವ ಹೊತ್ತಿಗೆ ಸಮುದಾಯ ಭವನದ ಹಿಂದಿನಿಂದ ಪುಳಿಯೋಗರೆಯ ಒಗ್ಗರಣೆ ವಾಸನೆ ಬರತೊಡಗಿತ್ತು. ಎರಡು ಗಂಟೆಗೆ ಊಟದ ಬಾಗಿಲು ತೆರೆದಾಗ ಭಾಷಣ ಇನ್ನೂ ನಡೆಯುತ್ತಿತ್ತು, ಕುರ್ಚಿಗಳು ಒಮ್ಮೆಲೇ ಖಾಲಿಯಾದವು, ಊಟ ಮುಗಿಸಿದವರಲ್ಲಿ ಒಬ್ಬರೂ ಒಳಗೆ ಮರಳಲಿಲ್ಲ. ಸಕ್ಕರೆ ಕಾಯಿಲೆಯಿದ್ದ ಅಜ್ಜಿಯೊಬ್ಬರು ಬೆಳಗಿನಿಂದ ಕಾದು ತಲೆಸುತ್ತಿ ಗೋಡೆಗೆ ಒರಗಿ ಕುಳಿತಿದ್ದರು. ಜನರಿಗೆ ಆಸಕ್ತಿಯಿಲ್ಲ ಎಂದು ಅಂದು ವೇದಿಕೆಯ ಮೇಲಿದ್ದವರು ಬೇಸರಪಟ್ಟರು. ನನಗೆ ಕಂಡದ್ದು ಬೇರೆ: ಅಷ್ಟು ಹೊತ್ತು ಕೂತದ್ದಕ್ಕೆ ಕೊಡುವ ಕೂಲಿಯ ಹಾಗೆ ಊಟವನ್ನು ಕೊನೆಯಲ್ಲಿ ಇಟ್ಟಿದ್ದೆವು, ಜನರೂ ಕೂಲಿ ಪಡೆದು ಮನೆಗೆ ಹೋದರು.

ಅಂದಿನಿಂದ ನಾವು ಊಟವನ್ನು ಎರಡಾಗಿ ಒಡೆದೆವು. ಬಂದವರಿಗೆ ಬಾಗಿಲಲ್ಲೇ ಒಂದು ಲೋಟ ಪಾನಕವನ್ನೋ ಮಜ್ಜಿಗೆಯನ್ನೋ ಒಂದು ದೊನ್ನೆ ಕೋಸಂಬರಿಯೊಡನೆ ಕೊಡುತ್ತೇವೆ. ಮುಖ್ಯ ಮಾತು ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಅದಾದ ಕೂಡಲೇ ಬಾತು ಅಥವಾ ಉಪ್ಪಿಟ್ಟು ಬರುತ್ತದೆ. ಜನ ಗುಂಪುಗುಂಪಾಗಿ ಕುಳಿತು ತಿನ್ನುತ್ತಿರುವಾಗಲೇ ಮಾತಾಡಿದವರೂ ಅವರ ನಡುವೆ ತಟ್ಟೆ ಹಿಡಿದು ಕೂರುತ್ತಾರೆ. ಪ್ರಶ್ನೋತ್ತರ ನಡೆಯುವುದು ಅಲ್ಲಿಯೇ. ಮೈಕಿನ ಮುಂದೆ ಎದ್ದು ನಿಂತು ಪ್ರಶ್ನೆ ಕೇಳಲು ಹಿಂಜರಿಯುವ ಹೆಂಗಸರು ತಟ್ಟೆ ಮುಂದೆ ಕೂತಾಗ ನಾಲೆ ನೀರಿನ ಸರದಿಯಿಂದ ಹಿಡಿದು ರೇಷನ್ ಕಾರ್ಡಿನ ತೊಡಕಿನವರೆಗೆ ಎಲ್ಲವನ್ನೂ ಕೇಳಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನೀವು ಈ ಬರಹದಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಈ ಕ್ರಮವನ್ನು ತೆಗೆದುಕೊಳ್ಳಿ.

ಹೊತ್ತು ಮತ್ತು ದಿನ

ಹಳ್ಳಿಯಲ್ಲಿ ದಿನ ಗೊತ್ತುಮಾಡುವ ಮೊದಲು ಡೈರಿಯ ಹೊತ್ತನ್ನು ಕೇಳಿಕೊಳ್ಳಬೇಕು. ಮಂಡ್ಯ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಕರೆದು ಡೈರಿಗೆ ಹಾಕುವ ಕೆಲಸವಿದ್ದು, ಆ ಹೊತ್ತಿನಲ್ಲಿ ಎಂಥ ಊಟ ಇಟ್ಟರೂ ಹೆಂಗಸರು ಬರಲಾರರು. ಸಂಜೆ ಹಾಲು ಹಾಕಿ ಮರಳುವ ದಾರಿಯಲ್ಲಿಯೇ ಕಾರ್ಯಕ್ರಮ ಇಟ್ಟುಕೊಂಡರೆ ಕ್ಯಾನು ಹಿಡಿದೇ ಬಂದು ಕೂರುತ್ತಾರೆ. ನಾಟಿಯ ವಾರಗಳಲ್ಲಿ, ಕೊಯ್ಲಿನ ವಾರಗಳಲ್ಲಿ, ಕಬ್ಬು ಕಡಿಯುವ ಆಳುಗಳು ಊರಿಗೆ ಇಳಿದಿರುವಾಗ ಸಭೆ ಬೇಡವೇ ಬೇಡ. ಇಟ್ಟೇ ತೀರಬೇಕಾದರೆ ಗದ್ದೆಯ ಬದುವಿಗೇ ಮಜ್ಜಿಗೆ ಕೊಂಡೊಯ್ದು ಹತ್ತು ನಿಮಿಷ ಮಾತಾಡಿ ಬನ್ನಿ.

ಪಂಚಾಂಗವನ್ನೂ ನೋಡಿಕೊಳ್ಳಿ. ಏಕಾದಶಿ, ಸಂಕಷ್ಟಿ, ಕಾರ್ತಿಕ ಸೋಮವಾರಗಳಲ್ಲಿ ಉಪವಾಸ ಇರುವವರಿಗೆ ಹಣ್ಣು, ಹಾಲು ಇರಲಿ. ಸೋಮವಾರ, ಶನಿವಾರಗಳಂದು ಅನೇಕ ಮನೆಗಳಲ್ಲಿ ಬಾಡು ಮಾಡುವುದಿಲ್ಲ. ಪಿತೃಪಕ್ಷದ ದಿನಗಳಲ್ಲಿ ಎಲ್ಲರೂ ಎಡೆ ಇಡುವ ಗಡಿಬಿಡಿಯಲ್ಲಿರುತ್ತಾರೆ. ಮೈಸೂರಿನ ಮಂಡಿ ಮೊಹಲ್ಲಾ, ರಾಜೀವ್ ನಗರದ ಕಡೆ ರಂಜಾನ್ ತಿಂಗಳಲ್ಲಿ ಕಾರ್ಯಕ್ರಮ ಇಟ್ಟರೆ ಅದು ಸೂರ್ಯಾಸ್ತದ ನಂತರ, ಖರ್ಜೂರ ಮತ್ತು ನೀರಿನಿಂದಲೇ ಆರಂಭವಾಗಬೇಕು. ಹಗಲಿನಲ್ಲಿ ಉಪವಾಸವಿರುವವರ ಮುಂದೆ ಬಿಸಿಬೇಳೆಬಾತು ಹಂಚಿ ನೆರೆಹೊರೆಯವರನ್ನು ಒಗ್ಗೂಡಿಸುತ್ತೇವೆ ಎನ್ನುವುದು ಸರಿಯಲ್ಲ.

ಕರಪತ್ರದಲ್ಲಿ ಏನು ಕೊಡುತ್ತೀರಿ, ಎಷ್ಟು ಗಂಟೆಗೆ ಕೊಡುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. "ಸಂಜೆ 5ಕ್ಕೆ ಪಾನಕ, ಕೋಸಂಬರಿ; 5.30ಕ್ಕೆ ಮಾತು; 6.15ಕ್ಕೆ ಟೊಮೆಟೊ ಬಾತು" ಎಂದು ಬರೆದರೆ, ಮನೆಯಲ್ಲಿ ಅಡುಗೆ ಮಾಡಿಟ್ಟು ಬರಬೇಕೇ ಬೇಡವೇ ಎಂಬುದು ಮನೆಯಾಕೆಗೆ ತಿಳಿಯುತ್ತದೆ. ಕೊಡುವುದು ಉಪ್ಪಿಟ್ಟೇ ಆಗಿದ್ದರೆ ಅದನ್ನು ಊಟ ಎಂದು ಬರೆಯಬಾರದು. ಊರಲ್ಲಿ ಆ ಬೇಸರ ಬಹಳ ದಿನ ಉಳಿಯುತ್ತದೆ.

ಏನನ್ನು ಬೇಯಿಸಬೇಕು

ತಿನಿಸು ಕಾರ್ಯಕ್ರಮದ ವಿಷಯಕ್ಕೇ ಸೇರಿದ್ದಾಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ರಾಗಿಯ ಬಗ್ಗೆ ಮಾತಾಡುವ ದಿನ ಹುರಿಹಿಟ್ಟಿನ ಉಂಡೆ, ಅಂಬಲಿ, ಪುಟ್ಟ ಮುದ್ದೆಯ ಜೊತೆ ಬಸ್ಸಾರು ಇಟ್ಟು ನೋಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದ ಸಂಗತಿಯನ್ನು, ಕೈಯಲ್ಲಿ ಮುದ್ದೆ ಹಿಡಿದು ಕೇಳುವವರು ಬೇರೆಯೇ ಗಮನದಿಂದ ಕೇಳುತ್ತಾರೆ. ನಾಟಿ ಭತ್ತದ ಬೀಜ ವಿನಿಮಯವಾದರೆ ರಾಜಮುಡಿ ಅಕ್ಕಿಯ ಅನ್ನ ಇರಲಿ, ಅದರ ಪಕ್ಕದಲ್ಲಿ ಅದೇ ಭತ್ತದ ಒಂದು ಮೊರ ಇರಲಿ. ಆಲೆಮನೆ ಬೆಲ್ಲದ ಬಗ್ಗೆ ಮಾತಾದರೆ ಪಾನಕವನ್ನು ರಾಸಾಯನಿಕ ಹಾಕದ ಕಂದು ಬೆಲ್ಲದಲ್ಲಿ ಮಾಡಿ, ಬಿಳುಪಿಸಿದ ಬೆಲ್ಲದ ಒಂದು ಅಚ್ಚನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಆರೋಗ್ಯ ಶಿಬಿರಗಳಲ್ಲಿ ಊಟವೂ ಚಿಕಿತ್ಸೆಯ ಒಂದು ಭಾಗ. ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಜನ ಕನಿಷ್ಠ 8 ಗಂಟೆ ಏನನ್ನೂ ತಿನ್ನದೆ ಬಂದಿರುತ್ತಾರೆ. ರಕ್ತ ತೆಗೆದ ಮೇಜಿನಿಂದ ಹತ್ತು ಹೆಜ್ಜೆಯೊಳಗೆ ತಿಂಡಿ ಸಿದ್ಧವಿರಬೇಕು, ಅದು ಕೇಸರಿಬಾತು ಆಗಿರಬಾರದು. ತರಕಾರಿ ಉಪ್ಪಿಟ್ಟು, ಕಾಳು ಪಲ್ಯ, ರಾಗಿ ಗಂಜಿ ಒಳ್ಳೆಯವು. ರಕ್ತದಾನ ಶಿಬಿರದಲ್ಲಿ ಇದು ತಿರುಗುಮುರುಗು: ಬರಿಹೊಟ್ಟೆಯಲ್ಲಿ ಬಂದವರು ರಕ್ತ ಕೊಡಬಾರದು, ಆದ್ದರಿಂದ ಹೆಸರು ಬರೆಸುವ ಮೇಜಿನ ಬಳಿಯೇ ಲಘು ತಿಂಡಿ ಇಡಬೇಕು, ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಕುಳಿತು ಹಣ್ಣಿನ ರಸವನ್ನೋ ಪಾನಕವನ್ನೋ ಕುಡಿದೇ ಏಳಬೇಕು.

ಬಾಡೂಟದ ವಿಷಯವನ್ನು ನಮ್ಮ ಕಡೆ ಬಿಟ್ಟು ಮಾತಾಡಲಾಗದು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಊಟದಲ್ಲಿ ಮಾಂಸಾಹಾರವೂ ಇರಬೇಕೆಂಬ ಬೇಡಿಕೆ ಜಿಲ್ಲೆಯಲ್ಲಿ ಗಟ್ಟಿಯಾಗಿಯೇ ಕೇಳಿಬಂತು. ಊರಿನ ಬಹುಪಾಲು ಜನ ಪ್ರೀತಿಯಿಂದ ತಿನ್ನುವುದನ್ನು ಸಾರ್ವಜನಿಕ ಪಂಕ್ತಿಯಿಂದ ಹೊರಗಿಡುವುದೇಕೆ ಎಂಬ ಆ ಪ್ರಶ್ನೆ ನನ್ನ ದೃಷ್ಟಿಯಲ್ಲಿ ನ್ಯಾಯವಾದದ್ದೇ. ಆದರೆ ಸಣ್ಣ ಬಳಗವೊಂದು ಒಂದೇ ಒಲೆಯಲ್ಲಿ ಒಂದೇ ಅಡುಗೆ ಮಾಡುವಾಗ ಎಲ್ಲರೂ ಮುಟ್ಟಬಹುದಾದದ್ದನ್ನೇ ಮಾಡುವುದು ಅನುಕೂಲ. ಬೇಯಿಸಿದ ಮೊಟ್ಟೆಯನ್ನು ಬೇರೆ ಮೇಜಿನಲ್ಲಿ ಇಡುವುದು ಖರ್ಚಿನಲ್ಲೂ ಶ್ರಮದಲ್ಲೂ ಹಗುರ. ಮಾಂಸದ ಅಡುಗೆ ಮಾಡುವುದೇ ಆದರೆ ಅದನ್ನು ಕರಪತ್ರದಲ್ಲಿಯೇ ಹೇಳಿ, ಸೌಟು ಪಾತ್ರೆಗಳನ್ನು ಬೇರೆ ಇಡಿ, ಅನುಭವವಿರುವ ಅಡುಗೆಯವರನ್ನೇ ಕರೆಯಿರಿ.

ಅಳತೆ

ನೂರು ಜನರಿಗೆ ಬಾತು ಅಥವಾ ಪುಳಿಯೋಗರೆಯೊಂದೇ ಊಟವಾದರೆ ತಲೆಗೆ 100 ಗ್ರಾಂ ಅಕ್ಕಿಯ ಲೆಕ್ಕದಲ್ಲಿ 10 ಕೆ.ಜಿ. ಬೇಕು, ಜೊತೆಗೆ ಬೇರೆ ತಿನಿಸಿದ್ದರೆ 7 ಕೆ.ಜಿ. ಸಾಕು. ಉಪ್ಪಿಟ್ಟಿಗೆ 7ರಿಂದ 8 ಕೆ.ಜಿ. ರವೆ. ಕೋಸಂಬರಿಗೆ 2 ಕೆ.ಜಿ. ಹೆಸರುಬೇಳೆ, ಅಷ್ಟೇ ತೂಕದ ಸೌತೆಕಾಯಿ, ನಾಲ್ಕು ತೆಂಗಿನಕಾಯಿ. ಪಾನಕಕ್ಕೆ 20 ಲೀಟರ್ ನೀರಿಗೆ ಮೂರೂವರೆಯಿಂದ 4 ಕೆ.ಜಿ. ಬೆಲ್ಲ, ಸಿಪ್ಪೆ ಸಮೇತ ಕುಟ್ಟಿದ ಏಲಕ್ಕಿ, ಸ್ವಲ್ಪ ಶುಂಠಿ, ನಿಂಬೆರಸ. ಮಜ್ಜಿಗೆಗೆ 6 ಲೀಟರ್ ಮೊಸರು, ಅದರ ಎರಡೂವರೆ ಪಟ್ಟು ನೀರು. ಮುದ್ದೆಯಾದರೆ 100 ಗ್ರಾಂ ಹಿಟ್ಟಿಗೆ ಒಂದು ಎಂದು ಲೆಕ್ಕ ಹಾಕಿ, ಆದರೆ ಮಳವಳ್ಳಿ, ಮದ್ದೂರು ಕಡೆಯ ದುಡಿಯುವ ಆಳು ಒಂದಕ್ಕೆ ನಿಲ್ಲುವುದಿಲ್ಲ ಎಂಬುದನ್ನು ಮರೆಯದೆ ಅರ್ಧ ಪಾಲು ಹೆಚ್ಚು ಹಿಟ್ಟು ಇಟ್ಟುಕೊಳ್ಳಿ. ಅಕ್ಕಿ, ಬೇಳೆಯನ್ನು ಮೈಸೂರಿನವರು ಬಂಡೀಪಾಳ್ಯದ ಎ.ಪಿ.ಎಂ.ಸಿ.ಯಲ್ಲಿಯೂ, ಬಾಳೆಎಲೆ, ಸೊಪ್ಪು ಸದೆಯನ್ನು ದೇವರಾಜ ಮಾರುಕಟ್ಟೆಯಲ್ಲಿಯೂ ತಂದರೆ ಬಡಾವಣೆಯ ಅಂಗಡಿಗಿಂತ ಅಗ್ಗವಾಗುತ್ತದೆ.

ಎಷ್ಟು ಜನ ಬರುತ್ತಾರೆಂದು ತಿಳಿಯದಾಗ ಒಮ್ಮೆಲೇ ಎಲ್ಲವನ್ನೂ ಬೇಯಿಸಬೇಡಿ. ಪುಳಿಯೋಗರೆಯ ಗೊಜ್ಜನ್ನು ಪೂರ್ತಿ ಮಾಡಿಟ್ಟು, ಅನ್ನವನ್ನು ಮೊದಲು ಅರ್ಧದಷ್ಟು ಮಾಡಿ, ಕುರ್ಚಿ ತುಂಬುವುದನ್ನು ನೋಡಿಕೊಂಡು ಎರಡನೇ ಕೊಳಗ ಇಡಿ. ಗೊಜ್ಜು ಮಿಕ್ಕರೆ ವಾರಗಟ್ಟಲೆ ಕೆಡುವುದಿಲ್ಲ. ಈ ಕಾರಣಕ್ಕೇ ಸಣ್ಣ ಬಳಗಗಳಿಗೆ ಪುಳಿಯೋಗರೆಯಷ್ಟು ಒದಗುವ ಅಡುಗೆ ಮತ್ತೊಂದಿಲ್ಲ ಎಂದು ನನಗೆ ಅನ್ನಿಸಿದೆ.

ಯಾರಿಗೂ ಹೊಟ್ಟೆ ಕೆಡದಂತೆ

ಬಿಟ್ಟಿ ಊಟವೆಂದ ಮಾತ್ರಕ್ಕೆ ಎಚ್ಚರ ಕಡಿಮೆಯಾಗಬಾರದು. ಕರೆದು ಬಡಿಸಿದ ಮೇಲೆ ಅವರ ಹೊಟ್ಟೆಗೆ ನಾವೇ ಹೊಣೆ. ಬೆಂದ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಬೆಚ್ಚಗಿನ ಸ್ಥಿತಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣಗಳು ಕುದಿತವನ್ನೂ ತಡೆದು ಉಳಿಯುತ್ತವೆ, ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಬೆಳಗಿನ ಜಾವ ಮಾಡಿ ಮುಚ್ಚಿಟ್ಟ ಪಲಾವನ್ನು ಮಧ್ಯಾಹ್ನ ಮೂರಕ್ಕೆ ಹಂಚುವುದು ಅಪಾಯ. ಹುಣಿಸೆಯ ಹುಳಿ ಚೆನ್ನಾಗಿ ಬಿದ್ದ ಪುಳಿಯೋಗರೆ ಇದ್ದುದರಲ್ಲಿ ಹೆಚ್ಚು ತಡೆಯುತ್ತದೆ. ಹಸಿ ತೆಂಗಿನಕಾಯಿ ಚಟ್ನಿ, ಕಾಯಿ ತುರಿ ಉದುರಿಸಿದ ಕೋಸಂಬರಿ ಬೇಸಿಗೆಯಲ್ಲಿ ಬಹುಬೇಗ ಹಳಸುತ್ತವೆ, ಅವನ್ನು ಬಡಿಸುವ ಅರ್ಧ ಗಂಟೆ ಮೊದಲಷ್ಟೇ ಕಲಸಿ. ಪಾನಕ, ಮಜ್ಜಿಗೆಗೆ ಕುದಿಸಿ ಆರಿಸಿದ ನೀರನ್ನೋ ನಂಬಿಕೆಯ ಶುದ್ಧ ನೀರಿನ ಘಟಕದ ನೀರನ್ನೋ ಬಳಸಬೇಕು. ಮೀನು, ಹಣ್ಣು ಕೆಡದಂತೆ ಇಡಲು ಮಾರುವ ಐಸ್ ಗಡ್ಡೆಯನ್ನು ಕುಡಿಯುವುದರಲ್ಲಿ ಹಾಕಲೇಬಾರದು. ತಂಪು ಬೇಕಾದರೆ ಮಣ್ಣಿನ ಗಡಿಗೆಯಲ್ಲಿಡಿ.

ಕಂಟ್ರಾಕ್ಟ್ ಅಡುಗೆಯವರಿಗೆ ಕೊಡುವುದಾದರೆ ಅವರ ಆಹಾರ ಸುರಕ್ಷತಾ ಪರವಾನಗಿ ಅಥವಾ ನೋಂದಣಿಯ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೊಡಲು ಹಿಂಜರಿಯುವವರನ್ನು ಬಿಟ್ಟುಬಿಡಿ. ಅಡುಗೆ ನಡೆಯುವ ಜಾಗದಲ್ಲಿ ಆರಂಭದಿಂದ ಕೊನೆಯವರೆಗೆ ನಿಮ್ಮವರೊಬ್ಬರು ಇರಲೇಬೇಕು. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದ ತಿಂದು ಹದಿನೈದಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದನ್ನು, ಎಷ್ಟೋ ಜನರನ್ನು ಚಿಕಿತ್ಸೆಗೆ ಮೈಸೂರಿನ ಆಸ್ಪತ್ರೆಗಳಿಗೆ ತಂದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಅಂಥದ್ದು ಅಪರೂಪ, ಆದರೂ ಕೊಳಗದ ಪಕ್ಕದಲ್ಲಿ ಒಬ್ಬರು ಕೂರುವುದಕ್ಕೆ, ಬಡಿಸುವ ಮುನ್ನ ಇಬ್ಬರು ರುಚಿ ನೋಡುವುದಕ್ಕೆ, ಒಂದು ಡಬ್ಬಿಯಲ್ಲಿ ಸ್ವಲ್ಪ ಅಡುಗೆಯನ್ನು ಫ್ರಿಜ್ಜಿನಲ್ಲಿ ಮರುದಿನದವರೆಗೆ ಎತ್ತಿಡುವುದಕ್ಕೆ ಏನೂ ಖರ್ಚಿಲ್ಲ.

ಯಾರು ಬೇಯಿಸುತ್ತಾರೆ, ಎಲ್ಲಿ ಕೂರುತ್ತಾರೆ

ಹೇಳಲು ಕಷ್ಟವಾದರೂ ಬಿಡದೆ ಹೇಳಬೇಕಾದದ್ದು ಇದು. ನಮ್ಮ ಹಳ್ಳಿಗಳಲ್ಲಿ ಅಡುಗೆ ಯಾವ ಬೀದಿಯಲ್ಲಿ ಆಯಿತು, ಸೌಟು ಯಾರು ಹಿಡಿದರು ಎಂಬುದನ್ನು ನೋಡಿಯೇ ಊಟಕ್ಕೆ ಕೂರುವವರು ಇನ್ನೂ ಇದ್ದಾರೆ. ಅದಕ್ಕೆ ಹೆದರಿ ಎಷ್ಟೋ ಬಳಗಗಳು ಸದ್ದಿಲ್ಲದೆ ಒಂದೇ ಜಾತಿಯ ಅಡುಗೆಯವರನ್ನು ಹುಡುಕುತ್ತವೆ. ಹಾಗೆ ಮಾಡಿದರೆ ಕಾರ್ಯಕ್ರಮಕ್ಕೆ ಊರೆಲ್ಲ ಬಂದಂತೆ ಕಂಡರೂ ಒಂದು ಬೀದಿಯವರು ಬಾಗಿಲ ಬಳಿಯೇ ನಿಲ್ಲುತ್ತಾರೆ. ಹೆಚ್ಚುವ, ಬೇಯಿಸುವ, ಬಡಿಸುವ ಕೆಲಸಕ್ಕೆ ಎಲ್ಲ ಬೀದಿಗಳಿಂದಲೂ ಇಬ್ಬಿಬ್ಬರನ್ನು ಮೊದಲೇ ಕರೆಯಿರಿ. ಒಂದೇ ಪಂಕ್ತಿ, ಒಂದೇ ಬಗೆಯ ಎಲೆ, ಒಂದೇ ಹೊತ್ತು ಇರಲಿ. ಗಣ್ಯರಿಗೆಂದು ಒಳಕೋಣೆಯಲ್ಲಿ ಬೇರೆ ಊಟ ಹಾಕುವ ಪದ್ಧತಿಯನ್ನು ಕೈಬಿಡಿ. ಮೊದಲ ಸಲ ನಾಲ್ಕು ಜನ ಊಟ ಮಾಡದೆ ಎದ್ದು ಹೋದಾರು. ಹೋಗಲಿ. ನಮ್ಮ ಓದಿನ ಕೂಟದಲ್ಲಿ ಹಾಗೆ ಎದ್ದು ಹೋದ ಹಿರಿಯರೊಬ್ಬರು ಎರಡು ವರ್ಷದ ನಂತರ ಮೊಮ್ಮಗಳ ಜೊತೆ ಅದೇ ಪಂಕ್ತಿಯಲ್ಲಿ ಕೂತರು.

ಜೊತೆಗೆ ಇನ್ನೊಂದು ಲಾಭವಿದೆ. ತರಕಾರಿ ಹೆಚ್ಚಲು ಬಂದವರು ಕಾರ್ಯಕ್ರಮಕ್ಕೆ ಖಂಡಿತ ಬರುತ್ತಾರೆ, ಮನೆಯವರನ್ನೂ ಕರೆತರುತ್ತಾರೆ. ಮನೆಗೊಂದು ಪಾವು ಅಕ್ಕಿ, ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಎಂದು ಬೇಡಿ ತಂದು ಮಾಡಿದ ಅಡುಗೆಯನ್ನು ಊರು ತನ್ನದೆಂದು ತಿನ್ನುತ್ತದೆ. ದುಡ್ಡು ಕೊಟ್ಟ ಒಬ್ಬರೇ ದಾನಿಯ ಫ್ಲೆಕ್ಸ್ ಊಟದ ಜಾಗವನ್ನೆಲ್ಲ ತುಂಬಿದರೆ ಅದು ಅವರ ಮನೆಯ ಸಮಾರಂಭವಾಗುತ್ತದೆ. ಬಂದ ಅಕ್ಕಿ, ಕಾಯಿ, ಹಣದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿರುವಾಗ ಮಾತ್ರ ಊಟ ಹಾಕುವ ಕೆಲಸವನ್ನು ಮುಂದೂಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಮತದಾರರಿಗೆ ಆಮಿಷ ಒಡ್ಡುವುದನ್ನು ಭ್ರಷ್ಟ ನಡವಳಿಕೆ ಎನ್ನುತ್ತದೆ, ನಿಮ್ಮ ಉದ್ದೇಶ ಎಷ್ಟೇ ಶುದ್ಧವಾಗಿದ್ದರೂ ಸ್ಪರ್ಧಿಯೊಬ್ಬರು ಬಂದು ಸೌಟು ಹಿಡಿದರೆ ಊಟವೆಲ್ಲ ಅವರ ಲೆಕ್ಕಕ್ಕೆ ಸೇರುತ್ತದೆ.

ಬಡಿಸುವಾಗ ಒಬ್ಬರಿಗೆ ಹತ್ತು ಸೆಕೆಂಡ್ ಹಿಡಿದರೂ ನೂರು ಜನರ ಒಂದೇ ಸಾಲು ಮುಗಿಯಲು ಹದಿನೇಳು ನಿಮಿಷ ಬೇಕು. ಎರಡು ಕಡೆ ಬಡಿಸಿದರೆ ಒಂಬತ್ತು ನಿಮಿಷದೊಳಗೆ ಮುಗಿಯುತ್ತದೆ. ಆದ್ದರಿಂದ ಅರವತ್ತು ಜನ ದಾಟುವ ಅಂದಾಜಿದ್ದರೆ ಎರಡು ಸಾಲು ಮಾಡಿ, ವಯಸ್ಸಾದವರಿಗೂ ಎಳೆಗೂಸು ಎತ್ತಿಕೊಂಡವರಿಗೂ ಕೂತಲ್ಲಿಗೇ ತಂದು ಕೊಡಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ರಾಜ್ಯ ಸರ್ಕಾರ 2016ರಲ್ಲಿಯೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ನಿಷೇಧಿಸಿವೆ. ಮುತ್ತುಗದ ಎಲೆ, ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ಲೋಟಗಳನ್ನು ಪಾತ್ರೆ ಬಾಡಿಗೆಯವರಿಂದ ಸ್ಟೀಲಿನವೇ ತನ್ನಿ, ಕಾಗದದ ಲೋಟದ ಒಳಮೈಯಲ್ಲೂ ಪ್ಲಾಸ್ಟಿಕ್ಕಿನ ಲೇಪ ಇರುತ್ತದೆ.

ಮಿಕ್ಕ ಅಡುಗೆಯನ್ನು ಬಿಸಿ ಇರುವಾಗಲೇ ಹತ್ತಿರದ ಹಾಸ್ಟೆಲ್ಲಿಗೋ ಪೌರಕಾರ್ಮಿಕರ ಮನೆಗಳಿಗೋ ಮೊದಲೇ ಹೇಳಿಟ್ಟು ತಲುಪಿಸಿ. ಅವರಿಗೂ ಹಳಸಿದ್ದನ್ನು ಕೊಡಬಾರದು. ಹಸುವಿಗೆ ಹಾಕಿಬಿಡೋಣ ಎನ್ನುವವರು ಪ್ರತಿ ಸಲವೂ ಇರುತ್ತಾರೆ. ಅನ್ನ, ಮುದ್ದೆ, ಪಾಯಸವನ್ನು ಒಮ್ಮೆಲೇ ರಾಶಿ ತಿಂದ ಹಸುವಿನ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಹೊಟ್ಟೆ ಉಬ್ಬರಿಸುತ್ತದೆ. ತಡವಾದರೆ ಹಸು ಸಾಯುತ್ತದೆ. ಮದುವೆ, ಹಬ್ಬದ ಮರುದಿನ ಪಶುವೈದ್ಯರಿಗೆ ಇಂಥ ಕರೆಗಳು ಬರುವುದು ನಮ್ಮ ಕಡೆ ಗೊತ್ತಿರುವ ಸಂಗತಿಯೇ. ಎಂಜಲೆಲೆ ಮತ್ತು ಮಿಕ್ಕದ್ದನ್ನು ತೋಟದ ಗುಂಡಿಗೆ ಹಾಕಿ ಮೇಲೆ ಒಣ ಕಬ್ಬಿನ ಸೋಗೆ, ಮಣ್ಣು ಮುಚ್ಚಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಅಂದೇ ರಾತ್ರಿ, ಪಾತ್ರೆ ತೊಳೆದು ಎಣಿಸಿ ಬಾಡಿಗೆಯವರಿಗೆ ಒಪ್ಪಿಸಿದ ಮೇಲೆ, ಒಂದು ನೋಟುಪುಸ್ತಕದಲ್ಲಿ ಎಷ್ಟು ಅಕ್ಕಿ ಹಾಕಿದೆವು, ಎಷ್ಟು ಎಲೆ ಹೋದವು, ಎಷ್ಟು ಮಿಕ್ಕಿತು, ಊಟದ ನಂತರ ಎಷ್ಟು ಜನ ಉಳಿದು ಮಾತಾಡಿದರು ಎಂಬ ನಾಲ್ಕು ಸಾಲು ಬರೆದಿಡಿ. ತಟ್ಟೆ ಹಿಡಿದು ಕೂತಾಗ ಯಾರು ಏನು ಕೇಳಿದರು ಎಂಬುದನ್ನೂ ಅದರ ಕೆಳಗೆ ಬರೆಯಿರಿ. ನಮ್ಮ ಮುಂದಿನ ಸಭೆಯ ವಿಷಯವನ್ನು ನಾವು ಆ ಪುಟದಿಂದಲೇ ಆರಿಸುತ್ತೇವೆ, ಕರಪತ್ರವನ್ನು ಮೊದಲು ಕೊಡುವುದೂ ಆ ಪ್ರಶ್ನೆ ಕೇಳಿದವರ ಮನೆಗೇ.